ವಲಯ ದಾಟುವ ಚಂಡಮಾರುತಗಳು

1954ರ ಅಕ್ಟೋಬರ್ 15ರ ಬೆಳಗ್ಗೆ ಹೇಜಲ್ ಎಂಬ ಹರಿಕೇನ್ ಅಮೆರಿಕದ ಪೂರ್ವ ಕರಾವಳಿಯಲ್ಲಿ, ಉತ್ತರ ಮತ್ತು ದಕ್ಷಿಣ ಕ್ಯಾರೊಲೈನಾ ರಾಜ್ಯಗಳ ಗಡಿಗೆ ಬಂದು ಬಡಿಯಿತು. ಅಷ್ಟರಲ್ಲಾಗಲೇ ಅದು ಹೈಟಿಯಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಕರಾವಳಿಯ ಊರುಗಳನ್ನು ಕೆಡವಿ ಒಳನಾಡಿಗೆ ನುಗ್ಗಿದ ಅದರ ಮುಂದಿನ ಕಥೆ ಎಲ್ಲರಿಗೂ ಗೊತ್ತಿದ್ದಂತೆಯೇ ತೋರಿತು. ಬೆಚ್ಚಗಿನ ಕಡಲಿನಿಂದ ಏಳುವ ಆವಿಯೇ ಹರಿಕೇನ್‌ಗೆ ಆಹಾರ. ನೆಲ ಹತ್ತಿದರೆ ಆ ಆಹಾರ ನಿಲ್ಲುತ್ತದೆ, ಗಾಳಿ ಸೊರಗುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಸುದ್ದಿ ಓದುವವರಿಗೂ ಇದು ಪರಿಚಿತ: ಆಂಧ್ರ, ಒಡಿಶಾ ಕರಾವಳಿಗೆ ಅಪ್ಪಳಿಸಿದ್ದು ಒಂದೆರಡು ದಿನದಲ್ಲಿ ವಾಯುಭಾರ ಕುಸಿತವಾಗಿ, ಮಳೆ ಸುರಿಸಿ ಕರಗಿಹೋಗುತ್ತದೆ. ಹೇಜಲ್‌ನ ದಾರಿಗೆ ಅಡ್ಡಲಾಗಿ ಅಲಿಗೇನಿ ಬೆಟ್ಟಗಳ ಸಾಲು ಬೇರೆ ಇತ್ತು.

ಅಂದು ರಾತ್ರಿ ಹೇಜಲ್ ಕೆನಡಾದ ಟೊರೊಂಟೊದಲ್ಲಿತ್ತು. ನೆಲದ ಮೇಲೆ ಸುಮಾರು 1,100 ಕಿ.ಮೀ. ಕ್ರಮಿಸಿದ್ದರೂ ಗಾಳಿಯ ಬೀಸು ಗಂಟೆಗೆ 110 ಕಿ.ಮೀ. ಮುಟ್ಟಿತ್ತು. ಅದಕ್ಕಿಂತ ಭಯಂಕರವಾದದ್ದು ಮಳೆ. ಹಿಂದಿನ ದಿನಗಳ ಮಳೆಯಿಂದಲೇ ನೆಲ ನೀರುಂಡು ತುಂಬಿತ್ತು. ಅದರ ಮೇಲೆ ಕೆಲವೆಡೆ 200 ಮಿ.ಮೀ.ಗೂ ಹೆಚ್ಚು ಸುರಿದಾಗ ಹಂಬರ್ ನದಿ ದಂಡೆ ಮೀರಿತು. ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ ಮನೆಗಳು ಕೊಚ್ಚಿಹೋಗಿ 35 ಜನ ಸತ್ತರು. ನೆರೆಯಲ್ಲಿ ಸಿಕ್ಕಿದವರನ್ನು ಉಳಿಸಲು ಹೊರಟ ಐವರು ಸ್ವಯಂಸೇವಕ ಅಗ್ನಿಶಾಮಕರೂ ಮರಳಲಿಲ್ಲ. ಕೆನಡಾದಲ್ಲಿ ಸತ್ತವರು ಒಟ್ಟು 81. ಟೊರೊಂಟೊದ ಬಹುಪಾಲು ಜನರಿಗೆ ಹರಿಕೇನ್ ಎಂದರೆ ತೆಂಗಿನ ಮರಗಳಿರುವ ದೂರದ ದ್ವೀಪಗಳ ಸಂಕಟವಾಗಿತ್ತು.

ಹೇಜಲ್ ಸಾಯಲಿಲ್ಲವೇಕೆ? ಉತ್ತರಕ್ಕೆ ಸಾಗುತ್ತಿದ್ದ ಅದಕ್ಕೆ ಪಶ್ಚಿಮದಿಂದ ಬಂದ ಬಲವಾದ ಶೀತಗಾಳಿಯ ರಾಶಿ ಎದುರಾಯಿತು. ಒಂದು ಕಡೆ ಹರಿಕೇನ್ ಹೊತ್ತು ತಂದ ಉಷ್ಣವಲಯದ ತೇವದ ಗಾಳಿ, ಇನ್ನೊಂದು ಕಡೆ ಧ್ರುವದ ಕಡೆಯಿಂದ ಇಳಿದ ಭಾರದ ತಣ್ಣನೆ ಗಾಳಿ. ತಣ್ಣನೆಯದು ಕೆಳಗೆ ನುಸುಳುತ್ತದೆ, ಬೆಚ್ಚನೆಯದು ಮೇಲೇರುತ್ತದೆ. ಈ ಏರಿಳಿತದಲ್ಲಿ ಬಿಡುಗಡೆಯಾಗುವ ಶಕ್ತಿಯಿಂದಲೇ ಸಮಶೀತೋಷ್ಣ ವಲಯದ ಬಿರುಗಾಳಿಗಳು ಬದುಕುವುದು. ಕಡಲಿನ ಆಹಾರ ನಿಂತ ಹೊತ್ತಿಗೆ ಹೇಜಲ್‌ಗೆ ಈ ಎರಡನೆಯ ಆಹಾರ ದೊರಕಿತು. ಅದರ ರೂಪವೂ ಬದಲಾಯಿತು. ದುಂಡಗಿನ ಸುಳಿ ಹೋಗಿ ಓರೆಯಾಗಿ ಹರಡಿದ ಮೋಡಗಳ ವ್ಯವಸ್ಥೆ ಬಂತು. ಗಾಳಿಯ ಹರವು ಅಗಲವಾಯಿತು. ಮಳೆಯ ಬಹುಭಾಗ ಸಾಗುವ ದಾರಿಯ ಎಡಕ್ಕೆ ಸರಿಯಿತು. ಹವಾಮಾನ ವಿಜ್ಞಾನಿಗಳು ಈಗ ಇದನ್ನು ಚಂಡಮಾರುತದ ರೂಪಾಂತರ ಎಂದು ಗುರುತಿಸುತ್ತಾರೆ. ಅಟ್ಲಾಂಟಿಕ್‌ನಲ್ಲಿ ಹುಟ್ಟುವ ಉಷ್ಣವಲಯದ ಚಂಡಮಾರುತಗಳಲ್ಲಿ ಶೇ. 46ರಷ್ಟು ಹೀಗೆ ಮಾರ್ಪಡುತ್ತವೆ ಎಂದು ರಾಬರ್ಟ್ ಹಾರ್ಟ್ ಮತ್ತು ಜೆನ್ನಿ ಇವಾನ್ಸ್ 2001ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು. ಇಷ್ಟು ಸಾಮಾನ್ಯವಾದ ಒಂದು ವಿದ್ಯಮಾನದ ಮೇಲೆ ಅಧ್ಯಯನ ಇಷ್ಟು ತಡವಾಗಿ ಬೆಳೆದದ್ದೇ ಈ ಚರಿತ್ರೆಯ ಮುಖ್ಯ ಸಂಗತಿ.

ತಡವಾದದ್ದಕ್ಕೆ ಕಾರಣ ಆಕಾಶದಲ್ಲಿರಲಿಲ್ಲ, ವಿಜ್ಞಾನದ ಒಳಗೇ ಇತ್ತು. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ನಾರ್ವೆಯ ಬರ್ಗೆನ್‌ನಲ್ಲಿ ವಿಲ್ಹೆಲ್ಮ್ ಬ್ಯರ್ಕ್ನೆಸ್ ಮತ್ತು ಸಂಗಡಿಗರು ಶೀತ-ಉಷ್ಣ ಗಾಳಿಗಳ ಗಡಿಯಲ್ಲಿ ಬಿರುಗಾಳಿ ಹುಟ್ಟುವ ಬಗೆಯನ್ನು ವಿವರಿಸಿದರು. ಯುರೋಪ್, ಉತ್ತರ ಅಮೆರಿಕಗಳ ಮುನ್ಸೂಚಕರೆಲ್ಲ ಅದನ್ನೇ ಕಲಿತರು. ಹರಿಕೇನ್‌ಗಳ ಅಧ್ಯಯನ ಬೇರೆಯೇ ಒಂದು ಮನೆತನವಾಗಿ ಬೆಳೆಯಿತು. ಅದರ ಪಠ್ಯ ಬೇರೆ, ಕಚೇರಿ ಬೇರೆ, ನಕ್ಷೆ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟುವ ಚಂಡಮಾರುತ ಎರಡೂ ಕಡೆಯವರ ಪಾಲಿಗೆ ಅಂಚಿನ ಸಂಗತಿಯಾಯಿತು.

ಎರಡೂ ಕಡೆ ಕಾಲೂರಿ ನಿಂತವರು ವಿರಳ. ಫಿನ್ಲೆಂಡಿನ ಎರಿಕ್ ಪಾಮೆನ್ ಅಂಥವರಲ್ಲಿ ದೊಡ್ಡ ಹೆಸರು. ಹರಿಕೇನ್ ಹುಟ್ಟಲು ಕಡಲ ನೀರು 26-27 ಡಿಗ್ರಿ ಸೆಲ್ಸಿಯಸ್ ದಾಟಿರಬೇಕೆಂದು 1948ರಲ್ಲಿ ತೋರಿಸಿದವರು ಅವರೇ; ಮಧ್ಯ ಅಕ್ಷಾಂಶಗಳ ಜೆಟ್ ಪ್ರವಾಹದ ಬಗ್ಗೆ ಷಿಕಾಗೋದಲ್ಲಿ ಕೆಲಸ ಮಾಡಿದವರೂ ಅವರೇ. 1958ರಲ್ಲಿ ಅವರು ಹೇಜಲ್‌ನ ಶಕ್ತಿಯ ಜಮಾ-ಖರ್ಚನ್ನು ಬಿಡಿಸಿಟ್ಟರು. ಬಲೂನುಗಳು ತಂದ ಮಾಹಿತಿಯಿಂದ, ಕೈಲೆಕ್ಕದಲ್ಲಿ, ರೂಪಾಂತರದ ಹೊತ್ತಿನಲ್ಲಿ ಎಷ್ಟು ಗಾಳಿ ಮೇಲೇರಿತು, ಎಷ್ಟು ಚಲನಶಕ್ತಿ ಹುಟ್ಟಿತು, ಅದರಲ್ಲಿ ಎಷ್ಟು ಸುತ್ತಲಿನ ವಾತಾವರಣಕ್ಕೆ ಹರಿದುಹೋಯಿತು ಎಂದು ಅಂದಾಜಿಸಿದರು. ಇಂಥ ಕೆಲವೇ ಬಿರುಗಾಳಿಗಳು ಏಕಕಾಲಕ್ಕೆ ಇದ್ದರೂ ಉತ್ತರ ಗೋಳಾರ್ಧದ ಗಾಳಿಯ ಚಲನೆಗೆ ಬೇಕಾದ ಶಕ್ತಿಯಲ್ಲಿ ದೊಡ್ಡ ಪಾಲು ಅವುಗಳಿಂದಲೇ ಬರಬಹುದೆಂಬ ಅವರ ತೀರ್ಮಾನ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಅದನ್ನು ಮುಂದುವರಿಸುವವರು ಮಾತ್ರ ತಕ್ಷಣಕ್ಕೆ ಹೆಚ್ಚು ಜನ ಇರಲಿಲ್ಲ.

ಅದೇ ಕಾಲದಲ್ಲಿ ಹವಾಮಾನವನ್ನು ಯಂತ್ರದಿಂದ ಲೆಕ್ಕ ಹಾಕಿಸುವ ಪ್ರಯತ್ನ ಶುರುವಾಗಿತ್ತು. 1950ರ ವಸಂತದಲ್ಲಿ ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿದ್ದ ಎನಿಯಾಕ್ ಕಂಪ್ಯೂಟರ್‌ನಲ್ಲಿ ಜೂಲ್ ಚಾರ್ನಿ, ರಾಗ್ನರ್ ಫ್ಯೋರ್ಟಾಫ್ಟ್ ಮತ್ತು ಜಾನ್ ವಾನ್ ನಾಯ್ಮನ್ ಮೊದಲ ಗಣಕ ಮುನ್ಸೂಚನೆ ನಡೆಸಿದರು. 24 ಗಂಟೆಗಳ ಮುನ್ಸೂಚನೆಗೆ ಹೆಚ್ಚುಕಡಿಮೆ 24 ಗಂಟೆಯೇ ಹಿಡಿಯಿತು. ಹೇಜಲ್ ಬಂದ ವರ್ಷದ ಜುಲೈನಲ್ಲಿ ಅಮೆರಿಕದ ಹವಾಮಾನ ಇಲಾಖೆ, ವಾಯುಪಡೆ, ನೌಕಾಪಡೆಗಳು ಸೇರಿ ಗಣಕ ಮುನ್ಸೂಚನೆಗೆ ಒಂದು ಜಂಟಿ ಘಟಕ ಸ್ಥಾಪಿಸಿದವು. ಐಬಿಎಂ 701 ಯಂತ್ರದ ಮೇಲೆ ಅದರ ನಿತ್ಯದ ಕೆಲಸ ಆರಂಭವಾದದ್ದು 1955ರ ಮೇ ತಿಂಗಳಲ್ಲಿ.

ಆ ಯಂತ್ರ ಎಂಟು ತಿಂಗಳು ಮೊದಲೇ ಬಂದಿದ್ದರೂ ಟೊರೊಂಟೊಗೆ ಪ್ರಯೋಜನವಾಗುತ್ತಿರಲಿಲ್ಲ. ಎನಿಯಾಕ್ ಬಿಡಿಸಿದ ಸಮೀಕರಣದಲ್ಲಿ ವಾತಾವರಣ ಒಂದೇ ಪದರ. ಬೆಚ್ಚಗಿನ ಗಾಳಿ, ತಣ್ಣಗಿನ ಗಾಳಿ ಎಂಬ ಭೇದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಮೋಡ, ಮಳೆ, ಆವಿ ತಂಪಾಗಿ ನೀರಾಗುವಾಗ ಹೊಮ್ಮುವ ಗುಪ್ತೋಷ್ಣ, ಯಾವುದೂ ಇರಲಿಲ್ಲ. ಹರಿಕೇನ್‌ಗೆ ಬೇಕಾದ ಶಕ್ತಿಯೂ ಇಲ್ಲ, ರೂಪಾಂತರಕ್ಕೆ ಬೇಕಾದ ಶಕ್ತಿಯೂ ಇಲ್ಲ. ಐಬಿಎಂ ಯಂತ್ರದ ಮಾದರಿಯಲ್ಲಿ ಮೂರು ಪದರಗಳೇನೋ ಇದ್ದವು. ಆದರೆ ಅದರ ಮೊದಲ ಮುನ್ಸೂಚನೆಗಳು ಅನುಭವಿ ಮುನ್ಸೂಚಕರ ಕೈಬರಹದ ನಕ್ಷೆಗಳಿಗೆ ಸಮನಾಗಲಿಲ್ಲ.

ಹದಿನೆಂಟು ವರ್ಷದ ನಂತರ ಪಾಠ ಮತ್ತೆ ಬಂತು. 1972ರ ಜೂನ್ 19ರಂದು ಫ್ಲಾರಿಡಾಕ್ಕೆ ಬಂದ ಆಗ್ನೆಸ್ ಅತ್ಯಂತ ಕೆಳಗಿನ ವರ್ಗದ ಹರಿಕೇನ್. ನೆಲದ ಮೇಲೆ ದುರ್ಬಲವಾಗಿ ಸಾಗಿ ಅಟ್ಲಾಂಟಿಕ್ ಅಂಚಿಗೆ ಬಂದ ಅದಕ್ಕೆ ಮೇಲಿನ ವಾತಾವರಣದ ಕಡಿಮೆ ಒತ್ತಡದ ತಗ್ಗೊಂದು ಜೊತೆಯಾಯಿತು. ಮತ್ತೆ ಬಲಗೊಂಡು ನ್ಯೂಯಾರ್ಕ್ ಬಳಿ ನೆಲಕ್ಕೆ ಬಂದು ಪೆನ್ಸಿಲ್ವೇನಿಯಾದ ಮೇಲೆ ಸುತ್ತಿತು. ಸಸ್ಕ್ವೆಹಾನಾ ನದಿ ಉಕ್ಕಿ ವಿಲ್ಕ್ಸ್-ಬ್ಯಾರಿ ನಗರ ಮುಳುಗಿತು. ಸುಮಾರು 120 ಜನ ಸತ್ತರು. ಅಲ್ಲಿಯವರೆಗಿನ ಅಮೆರಿಕದ ಹರಿಕೇನ್‌ಗಳಲ್ಲೆಲ್ಲ ಹೆಚ್ಚು ಆಸ್ತಿನಷ್ಟ ಮಾಡಿದ್ದು ಈ ದುರ್ಬಲ ಹರಿಕೇನ್.

ಆಗ ಅಮೆರಿಕದ ಅತ್ಯಂತ ಸೂಕ್ಷ್ಮ ಮುನ್ಸೂಚನಾ ಮಾದರಿಯ ಗ್ರಿಡ್‌ನಲ್ಲಿ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸುಮಾರು 190 ಕಿ.ಮೀ. ಅಂತರ. ಹರಿಕೇನ್‌ನ ತಿರುಳು ಹತ್ತಾರು ಕಿ.ಮೀ. ಅಗಲದ್ದಷ್ಟೇ. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ಜಾರಿಹೋಗುವಂತೆ ಅದು ಗ್ರಿಡ್‌ನ ನಡುವಿನಿಂದ ಜಾರಿಹೋಗುತ್ತಿತ್ತು. ಆಗ್ನೆಸ್‌ನ ರೂಪಾಂತರವನ್ನು ಆಮೂಲಾಗ್ರವಾಗಿ ಬಿಡಿಸಿದವರು ಆಲ್ಬನಿಯ ಲ್ಯಾನ್ಸ್ ಬೊಸಾರ್ಟ್ ಮತ್ತು ಜೆಫ್ರಿ ಡಿಮೆಗೊ. 1982ರಲ್ಲಿ ಎರಡು ಭಾಗಗಳಲ್ಲಿ ಬಂದ ಅವರ ಲೇಖನ, ಮಳೆಯ ಗುಪ್ತೋಷ್ಣ ಹಾಗೂ ಮೇಲಿನ ಗಾಳಿಯ ಅಲೆ ಎರಡೂ ಕೂಡಿ ಒಂದು ಹಳೆಯ ಸುಳಿಗೆ ಮರುಜೀವ ಕೊಡುವ ಬಗೆಯನ್ನು ತೋರಿಸಿತು. ಡಿಮೆಗೊ ಮುಂದೆ ಅಮೆರಿಕದ ರಾಷ್ಟ್ರೀಯ ಮುನ್ಸೂಚನಾ ಕೇಂದ್ರದಲ್ಲಿ ಪ್ರಾದೇಶಿಕ ಮಾದರಿಗಳನ್ನು ಕಟ್ಟುವ ವಿಭಾಗದ ಮುಖ್ಯಸ್ಥರಾದರು.

ಗ್ರಿಡ್‌ಗೆ ಸಿಗದ ಹರಿಕೇನ್‌ಗೆ ಕಾರ್ಯನಿರತ ಕೇಂದ್ರಗಳು ಒಂದು ಉಪಾಯ ಹುಡುಕಿದ್ದವು. ಕಂಪ್ಯೂಟರ್‌ನ ಆರಂಭದ ನಕ್ಷೆಯೊಳಗೆ ಒಂದು ಕೃತಕ ಸುಳಿಯನ್ನು ಕೂರಿಸುವುದು. ದಕ್ಷಿಣದ ಕಡಲುಗಳಲ್ಲಿ ಇದರಿಂದ ಸಹಾಯವಾಯಿತು. ಆದರೆ ಆ ಸುಳಿ ನೆಟ್ಟಗೆ ನಿಂತ, ದುಂಡಗಿನ, ಅಪ್ಪಟ ಉಷ್ಣವಲಯದ ಸುಳಿ. ಉತ್ತರಕ್ಕೆ ಬಂದು ಆಗಲೇ ಓರೆಯಾಗಿ, ಒಂದು ಮಗ್ಗುಲಲ್ಲಿ ತಣ್ಣಗಾಗುತ್ತಿದ್ದ ನಿಜವಾದ ಚಂಡಮಾರುತದ ಜಾಗದಲ್ಲಿ ಅದನ್ನು ಇಟ್ಟರೆ ಯಂತ್ರ ರೂಪಾಂತರವನ್ನು ಮೊದಲಿನಿಂದ ಶುರು ಮಾಡುತ್ತಿತ್ತು. ಪಠ್ಯಪುಸ್ತಕದ ಗೆರೆ ಹೀಗೆ ಯಂತ್ರದ ಒಳಕ್ಕೂ ಇಳಿದಿತ್ತು. ಪ್ರಿನ್ಸ್‌ಟನ್‌ನ ಹವಾಮಾನ ಪ್ರಯೋಗಾಲಯವೊಂದರಲ್ಲಿ ಯೋಶಿಯೋ ಕುರಿಹಾರಾ ಮತ್ತು ಸಂಗಡಿಗರು ದಶಕಗಳ ಕಾಲ ಬೆಳೆಸಿದ ಹರಿಕೇನ್ ಮಾದರಿ 1995ರಲ್ಲಿ ನಿತ್ಯದ ಬಳಕೆಗೆ ಬಂದಾಗ ಚಂಡಮಾರುತದ ಜೊತೆಗೇ ಚಲಿಸುವ ಸೂಕ್ಷ್ಮ ಗ್ರಿಡ್ ದೊರೆಯಿತು. ದಾರಿಯ ಮುನ್ಸೂಚನೆ ಗಣನೀಯವಾಗಿ ಸುಧಾರಿಸಿತು.

ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸ ಒಮ್ಮೆಲೇ ಚುರುಕಾಯಿತು. ಕ್ಯಾಲಿಫೋರ್ನಿಯಾದ ಮಾಂಟೆರೆಯ ನೌಕಾ ಸ್ನಾತಕೋತ್ತರ ಶಾಲೆಯಲ್ಲಿ ರಸೆಲ್ ಎಲ್ಸ್‌ಬೆರಿ, ಪ್ಯಾಟ್ರಿಕ್ ಹಾರ್ ಮುಂತಾದವರು ಪೆಸಿಫಿಕ್‌ನ ಟೈಫೂನ್‌ಗಳನ್ನು ಹಿಡಿದು ರೂಪಾಂತರವನ್ನು ಎರಡು ಹಂತವಾಗಿ ನೋಡಿದರು: ಮೊದಲು ಹಳೆಯ ರೂಪ ಕಳಚುವುದು, ಆಮೇಲೆ ಹೊಸ ರೂಪದಲ್ಲಿ ಬಲಗೊಳ್ಳುವುದು. ಎಲಿಜಬೆತ್ ರಿಚಿ ಮತ್ತು ಎಲ್ಸ್‌ಬೆರಿ ಕಂಪ್ಯೂಟರ್‌ನೊಳಗೆ ಆದರ್ಶ ಚಂಡಮಾರುತವೊಂದನ್ನು ಕಟ್ಟಿ, ಮೇಲಿನ ವಾತಾವರಣದ ತಗ್ಗಿನ ಎದುರು ಬೇರೆಬೇರೆ ಜಾಗಗಳಲ್ಲಿ ಇಟ್ಟು ಓಡಿಸಿದರು. ಚಂಡಮಾರುತ ಅದೇ, ತಗ್ಗು ಅದೇ. ಭೇಟಿಯ ಸಮಯ ಮತ್ತು ಸ್ಥಾನ ಮಾತ್ರ ಬೇರೆ. ಫಲಿತಾಂಶವೂ ಬೇರೆ. ಒಂದು ಓಟದಲ್ಲಿ ಬಲವಾದ ಬಿರುಗಾಳಿ ಹುಟ್ಟಿದರೆ ಇನ್ನೊಂದರಲ್ಲಿ ಸುಳಿ ಸುಮ್ಮನೆ ಸವೆದುಹೋಯಿತು. ಮುನ್ಸೂಚಕರನ್ನು ಬಹುಕಾಲ ಕಾಡಿದ ಅನಿಶ್ಚಿತತೆಯ ಬೇರು ಇಲ್ಲಿತ್ತು. ಸಾವಿರಾರು ಕಿ.ಮೀ. ದೂರದಿಂದ ಬರುವ ಎರಡು ವ್ಯವಸ್ಥೆಗಳ ಭೇಟಿಯಲ್ಲಿ ಆರೇಳು ಗಂಟೆ ತಪ್ಪಿದರೂ ಮುಂದಿನದೆಲ್ಲ ತಪ್ಪುತ್ತದೆ.

ಈ ಕಾಲದ ಇನ್ನೊಂದು ಸಾಧನವಂತೂ ಎಷ್ಟು ಹೊಗಳಿದರೂ ಕಡಿಮೆ. 2003ರಲ್ಲಿ ಹಾರ್ಟ್ ಪ್ರಕಟಿಸಿದ ನಕ್ಷೆ ಯಾವ ಚಂಡಮಾರುತಕ್ಕೂ ಮೊದಲೇ ಹಣೆಪಟ್ಟಿ ಹಚ್ಚುವುದಿಲ್ಲ. ಎರಡೇ ಪ್ರಶ್ನೆ ಕೇಳುತ್ತದೆ. ಅದರ ತಿರುಳು ಸುತ್ತಲಿಗಿಂತ ಬೆಚ್ಚಗಿದೆಯೇ, ತಣ್ಣಗಿದೆಯೇ? ಸಾಗುವ ದಿಕ್ಕಿನ ಎಡ-ಬಲಗಳಲ್ಲಿ ಉಷ್ಣತೆ ಸಮವಾಗಿದೆಯೇ, ಒಂದು ಕಡೆ ವಾಲಿದೆಯೇ? ಮಾದರಿಯ ಅಂಕಿಗಳಿಂದಲೇ ಇವಕ್ಕೆ ಉತ್ತರ ತೆಗೆದು ನಕ್ಷೆಯ ಮೇಲೆ ಬಿಂದು ಇಡುತ್ತಾ ಹೋದರೆ ಚಂಡಮಾರುತದ ಇಡೀ ಬದುಕು ಒಂದು ಗೆರೆಯಾಗಿ ಕಾಣುತ್ತದೆ. ಉಷ್ಣವಲಯದ ಮೂಲೆಯಿಂದ ಹೊರಟ ಗೆರೆ ಮೆಲ್ಲಗೆ ಇನ್ನೊಂದು ಮೂಲೆಗೆ ಸಾಗುತ್ತದೆ. ಎರಡು ಪೆಟ್ಟಿಗೆಗಳಿದ್ದ ಕಡೆ ಒಂದು ಅಖಂಡ ದಾರಿ ಇದೆ ಎಂದು ಅದು ಕಣ್ಣಿಗೆ ಕಾಣುವಂತೆ ಮಾಡಿತು. ಅದೇ ವರ್ಷ ಸಾರಾ ಜೋನ್ಸ್ ಮುಂದಾಳಾಗಿ ಹಲವು ದೇಶಗಳ ವಿಜ್ಞಾನಿಗಳು ಈ ಕ್ಷೇತ್ರದ ತಿಳಿವನ್ನೆಲ್ಲ ಒಂದು ದೀರ್ಘ ಲೇಖನದಲ್ಲಿ ಒಟ್ಟುಗೂಡಿಸಿದರು.

ಕಂಪ್ಯೂಟರ್‌ನ ಹೊರಗೂ ಕೆಲಸ ನಡೆದಿತ್ತು. ಕೆನಡಾದವರು 2000ದ ಅಕ್ಟೋಬರ್‌ನಲ್ಲಿ ನ್ಯೂಫೌಂಡ್‌ಲೆಂಡ್ ಕಡೆಗೆ ಬರುತ್ತಿದ್ದ ಮೈಕೆಲ್ ಎಂಬ ಹರಿಕೇನ್‌ನೊಳಕ್ಕೆ ಸಂಶೋಧನಾ ವಿಮಾನವನ್ನೇ ಹಾರಿಸಿ, ರೂಪಾಂತರ ನಡೆಯುತ್ತಿರುವಾಗಲೇ ಅಳತೆಗಳನ್ನು ತಂದರು.

2012ರ ಅಕ್ಟೋಬರ್ 22ರಂದು ಕೆರಿಬಿಯನ್ ಕಡಲಲ್ಲಿ ಸ್ಯಾಂಡಿ ಎಂಬ ಚಂಡಮಾರುತ ಹುಟ್ಟಿತು. ಸಾಮಾನ್ಯವಾಗಿ ಅಂಥ ಚಂಡಮಾರುತಗಳು ಉತ್ತರಕ್ಕೆ ಬಂದು ಬಲಕ್ಕೆ ಹೊರಳಿ ಅಟ್ಲಾಂಟಿಕ್‌ನ ನಡುವಿಗೆ ಹೋಗುತ್ತವೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಯುರೋಪಿಯನ್ ಮುನ್ಸೂಚನಾ ಕೇಂದ್ರದ ಮಾದರಿ ಒಂದು ವಾರ ಮೊದಲೇ ಬೇರೆ ಮಾತು ಹೇಳಿತು. ಗ್ರೀನ್‌ಲೆಂಡ್ ಕಡೆಯ ಅಧಿಕ ಒತ್ತಡ ದಾರಿ ಕಟ್ಟುತ್ತದೆ, ಅಮೆರಿಕದ ಮೇಲಿನ ತಗ್ಗು ಸೆಳೆಯುತ್ತದೆ, ಸ್ಯಾಂಡಿ ಎಡಕ್ಕೆ ತಿರುಗಿ ನ್ಯೂಜೆರ್ಸಿ ಆಸುಪಾಸಿನಲ್ಲಿ ನೆಲ ಮುಟ್ಟುತ್ತದೆ. ಅಮೆರಿಕದ ಸ್ವಂತ ಜಾಗತಿಕ ಮಾದರಿ ಅದನ್ನು ಕಡಲಿಗೇ ಕಳಿಸುತ್ತಿತ್ತು. ಕೆಲವು ದಿನಗಳ ನಂತರವಷ್ಟೇ ಯುರೋಪಿನ ಮಾತಿಗೆ ಬಂತು. ಯುರೋಪಿಯನ್ ಕೇಂದ್ರ ಅನಂತರ ಧ್ರುವಕಕ್ಷೆಯ ಉಪಗ್ರಹಗಳ ಮಾಹಿತಿಯನ್ನು ತೆಗೆದುಹಾಕಿ ಅದೇ ಮುನ್ಸೂಚನೆಯನ್ನು ಮತ್ತೆ ಓಡಿಸಿತು. ಆಗ ಅವರ ಮಾದರಿಯೂ ನಾಲ್ಕೈದು ದಿನ ಮುಂಚಿನ ಸುಳಿವು ಕೊಡಲಿಲ್ಲ. ಎರಡು ಮಾದರಿಗಳ ಆರಂಭದ ಭಿನ್ನಮತಕ್ಕೆ ಗ್ರಿಡ್‌ಗಿಂತ ಹೆಚ್ಚಾಗಿ ಎತ್ತರದ ಗುಡುಗು ಮೋಡಗಳನ್ನು ಲೆಕ್ಕಕ್ಕೆ ತರುವ ವಿಧಾನ ಕಾರಣವೆಂದು 2014ರಲ್ಲಿ ಬಂದ ಒಂದು ಅಧ್ಯಯನ ವಾದಿಸಿತು. ಮೋಡಗಳು ಬಿಡುವ ಶಾಖ ಮೇಲಿನ ತಗ್ಗನ್ನೇ ಬದಲಿಸುತ್ತದೆ, ಬದಲಾದ ತಗ್ಗು ಚಂಡಮಾರುತದ ದಾರಿಯನ್ನು ನಿರ್ಧರಿಸುತ್ತದೆ.

ಯಂತ್ರ ತನ್ನ ಕೆಲಸ ಮಾಡಿತ್ತು. ತೊಡಕು ಇದ್ದದ್ದು ಎಚ್ಚರಿಕೆಯ ವ್ಯವಸ್ಥೆಯಲ್ಲಿ. ಸ್ಯಾಂಡಿ ನೆಲ ಮುಟ್ಟುವ ಮೊದಲೇ ರೂಪಾಂತರವಾಗುತ್ತದೆಂದು ಮಾದರಿಗಳು ಸರಿಯಾಗಿ ಹೇಳುತ್ತಿದ್ದವು. ಆದರೆ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದ ಅಂದಿನ ನಿಯಮದಂತೆ ರೂಪಾಂತರವಾದದ್ದಕ್ಕೆ ಹರಿಕೇನ್ ಎಚ್ಚರಿಕೆ ಇರಲಿಲ್ಲ. ಎಚ್ಚರಿಕೆ ಕೊಟ್ಟು, ನಡುವೆ ಹಿಂಪಡೆದು ಬೇರೆ ಹೆಸರಿನದನ್ನು ಕೊಟ್ಟರೆ ಜನ ಗೊಂದಲಗೊಳ್ಳುತ್ತಾರೆಂಬ ಅಂಜಿಕೆಯೂ ಇತ್ತು. ಹಾಗಾಗಿ ಉತ್ತರ ಕ್ಯಾರೊಲೈನಾದಿಂದ ಮೇಲಕ್ಕೆ ಹರಿಕೇನ್ ಎಚ್ಚರಿಕೆಯೇ ಹೊರಡಲಿಲ್ಲ. ಸ್ಥಳೀಯ ಹವಾಮಾನ ಕಚೇರಿಗಳು ಬಿರುಗಾಳಿ, ನೆರೆಯ ಎಚ್ಚರಿಕೆ ಕೊಟ್ಟವು. ನ್ಯೂಯಾರ್ಕ್‌ನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಶನಿವಾರ ಜನರನ್ನು ತೆರವುಗೊಳಿಸುವ ಆದೇಶ ಹೊರಡಿಸಲಿಲ್ಲ, ಭಾನುವಾರ ಹೊರಡಿಸಿದರು.

ಸೋಮವಾರ, ಅಕ್ಟೋಬರ್ 29ರ ಸಂಜೆ ಏಳೂವರೆಗೆ ಸ್ಯಾಂಡಿ ಅಟ್ಲಾಂಟಿಕ್ ಸಿಟಿ ಸಮೀಪದ ಬ್ರಿಗಂಟೀನ್ ಬಳಿ ನೆಲ ಮುಟ್ಟಿತು. ಸ್ವಲ್ಪ ಮೊದಲಷ್ಟೇ ಹರಿಕೇನ್ ಕೇಂದ್ರ ಅದರ ವರ್ಗ ಬದಲಿಸಿತ್ತು. ಬಿರುಸಿನ ಗಾಳಿಯ ಹರವು ಸುಮಾರು 1,600 ಕಿ.ಮೀ. ಅಗಲ. ಮ್ಯಾನ್‌ಹ್ಯಾಟನ್‌ನ ದಕ್ಷಿಣ ತುದಿ ಬ್ಯಾಟರಿಯಲ್ಲಿ ನೀರು ಸುಮಾರು 14 ಅಡಿ ಏರಿತು. 1960ರ ಡೋನಾ ಹರಿಕೇನ್‌ನ ದಾಖಲೆ 10 ಅಡಿ. ಸುರಂಗ ರೈಲಿನ ದಾರಿಗಳು ನೀರಿನಿಂದ ತುಂಬಿದವು. ನಗರವೊಂದರಲ್ಲೇ 40ಕ್ಕೂ ಹೆಚ್ಚು ಜನ ಸತ್ತರು. ವರ್ಗದ ಪ್ರಶ್ನೆ ಅಲ್ಲಿಗೂ ಮುಗಿಯಲಿಲ್ಲ. ಹರಿಕೇನ್ ಆಗಿದ್ದರೆ ಮನೆ ಮಾಲೀಕರು ವಿಮೆಯಲ್ಲಿ ದೊಡ್ಡ ಪಾಲನ್ನು ತಾವೇ ಭರಿಸಬೇಕಿತ್ತು. ಅಲ್ಲವೆಂದು ನ್ಯೂಯಾರ್ಕ್, ನ್ಯೂಜೆರ್ಸಿ ಗವರ್ನರ್‌ಗಳು ಸಾರಿದ್ದರಿಂದ ಆ ಹೊರೆ ತಪ್ಪಿತು. 2013ರ ಋತುವಿನಿಂದ ನಿಯಮ ಬದಲಾಯಿತು. ಅಪಾಯ ಇರುವವರೆಗೆ, ಚಂಡಮಾರುತದ ರೂಪ ಏನೇ ಆಗಿರಲಿ, ಹರಿಕೇನ್ ಎಚ್ಚರಿಕೆ ಮುಂದುವರಿಸಬಹುದು. ಐವತ್ತೆಂಟು ವರ್ಷ ಹಿಂದೆ ಟೊರೊಂಟೊದಲ್ಲಿ ಕಂಡ ಸತ್ಯ ಕೊನೆಗೂ ನಿಯಮದ ಪುಸ್ತಕ ಸೇರಿತು. ಅಮೆರಿಕದ ಸಂಸತ್ತು ಹೊಸ ಕಂಪ್ಯೂಟರ್‌ಗಳಿಗೆ ಹಣ ಕೊಟ್ಟಿತು. 2019ರ ಜೂನ್‌ನಲ್ಲಿ ಅಮೆರಿಕದ ಜಾಗತಿಕ ಮಾದರಿಗೆ ಹೊಸ ತಿರುಳು ಬಂತು; ಅದನ್ನು ರೂಪಿಸಿದ್ದೂ ಪ್ರಿನ್ಸ್‌ಟನ್‌ನ ಪ್ರಯೋಗಾಲಯವೇ.

ಹಳೆಯ ಗೆರೆಗಳು ಮಾತ್ರ ಅಲ್ಲಲ್ಲಿ ಉಳಿದಿದ್ದವು. 2017ರ ಅಕ್ಟೋಬರ್‌ನಲ್ಲಿ ಒಫೀಲಿಯಾ ಅಜೋರ್ಸ್ ದ್ವೀಪಗಳ ಬಳಿ ಪ್ರಬಲ ಹರಿಕೇನ್ ಆಗಿ, ರೂಪಾಂತರಗೊಂಡು ಐರ್ಲೆಂಡ್‌ಗೆ ನುಗ್ಗಿತು. ಫಾಸ್ಟ್‌ನೆಟ್ ಬಂಡೆಯ ದೀಪಸ್ತಂಭದಲ್ಲಿ ಗಂಟೆಗೆ 191 ಕಿ.ಮೀ. ಗಾಳಿ ದಾಖಲಾಯಿತು. ಆಗ ಮಯಾಮಿ ಕೇಂದ್ರದ ಗಾಳಿ ಸಂಭಾವ್ಯತೆಯ ನಕ್ಷೆ 60 ಡಿಗ್ರಿ ಅಕ್ಷಾಂಶದಲ್ಲಿ ಚಾಕುವಿನಿಂದ ಕೊಯ್ದಂತೆ ನೇರವಾಗಿ ಕತ್ತರಿಸಿಹೋಗಿತ್ತು. ಹರಿಕೇನ್ ಅಷ್ಟು ಉತ್ತರಕ್ಕೆ ಹೋಗಬಹುದೆಂಬ ಎಣಿಕೆ ಆ ತಂತ್ರಾಂಶದಲ್ಲಿರಲಿಲ್ಲ.

2022ರ ಫಿಯೊನಾ ಹೊತ್ತಿಗೆ ಚಿತ್ರ ಬೇರೆಯಾಗಿತ್ತು. ಮಾದರಿಗಳು ದಿನಗಟ್ಟಲೆ ಮೊದಲೇ ಒಮ್ಮತದಿಂದ ಕೆನಡಾದ ಪೂರ್ವ ತೀರವನ್ನು ತೋರಿಸಿದವು. ಅಲ್ಲಿನ ಹರಿಕೇನ್ ಕೇಂದ್ರ ಇದು ಚರಿತ್ರೆಯಲ್ಲಿ ಉಳಿಯುವಂಥ ಬಿರುಗಾಳಿ ಎಂದು ಸಾರಿತು. ಸೆಪ್ಟೆಂಬರ್ 24ರ ನಸುಕಿನಲ್ಲಿ ನೋವಾ ಸ್ಕೋಷಿಯಾಕ್ಕೆ ಬಂದಾಗ ಫಿಯೊನಾ ಹರಿಕೇನ್ ಆಗಿ ಉಳಿದಿರಲಿಲ್ಲ, ಆದರೆ ಅದರ ನಡುವಿನ ವಾಯುಭಾರ ಸುಮಾರು 932 ಮಿಲಿಬಾರ್. ಕೆನಡಾದಲ್ಲಿ ನೆಲಕ್ಕೆ ಬಂದ ಯಾವ ಚಂಡಮಾರುತದಲ್ಲೂ ಇಷ್ಟು ಕಡಿಮೆ ದಾಖಲಾಗಿರಲಿಲ್ಲ. ನ್ಯೂಫೌಂಡ್‌ಲೆಂಡ್‌ನ ಪೋರ್ಟ್ ಓ ಬಾಸ್ಕ್‌ನಲ್ಲಿ ಅಲೆಗಳು ದಂಡೆಯ ಮನೆಗಳನ್ನು ಕಿತ್ತೊಯ್ದವು. ಎಚ್ಚರಿಕೆ ತಲುಪಿದ್ದರಿಂದ ಬಹುಪಾಲು ಜನ ಆ ಮನೆಗಳಲ್ಲಿರಲಿಲ್ಲ.

ಮರುವರ್ಷ ಲೀ ಬಂತು. 2023ರ ಸೆಪ್ಟೆಂಬರ್ 16ರಂದು ನೋವಾ ಸ್ಕೋಷಿಯಾ ಮುಟ್ಟುವ ಹೊತ್ತಿಗೆ ಅದೂ ರೂಪಾಂತರಗೊಂಡಿತ್ತು. ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ ಎಂಬ ಮಾದರಿ ಆ ಸ್ಥಳವನ್ನು ಒಂಬತ್ತು ದಿನ ಮೊದಲೇ ನಿಖರವಾಗಿ ಹೇಳಿತು, ಸಾಂಪ್ರದಾಯಿಕ ಮಾದರಿಗಳಿಗೆ ಅದು ಸಾಧ್ಯವಾದದ್ದು ಸುಮಾರು ಆರು ದಿನ ಮೊದಲು ಎಂದು ಆ ಸಂಸ್ಥೆ ವರದಿ ಮಾಡಿತು. ಗ್ರಾಫ್‌ಕಾಸ್ಟ್ ಗಾಳಿಯ ಸಮೀಕರಣಗಳನ್ನು ಬಿಡಿಸುವುದಿಲ್ಲ. ಯುರೋಪಿಯನ್ ಕೇಂದ್ರ ಕಟ್ಟಿದ, 1979ರಿಂದೀಚಿನ ವಾತಾವರಣದ ದಾಖಲೆಯನ್ನು ಓದಿ ಕಲಿತದ್ದು ಅದು. ಆ ದಾಖಲೆಯಲ್ಲಿ ಉಷ್ಣವಲಯ, ಸಮಶೀತೋಷ್ಣ ವಲಯ ಎಂಬ ವಿಂಗಡಣೆ ಇಲ್ಲ. ಒತ್ತಡ, ಉಷ್ಣತೆ, ಗಾಳಿ, ತೇವಾಂಶಗಳ ಅಂಕಿಗಳಷ್ಟೇ ಇವೆ. ಇಂಥ ಮಾದರಿಗಳು ದಾರಿಯನ್ನು ಚೆನ್ನಾಗಿ ಹೇಳಿದರೂ ಗಾಳಿಯ ತುತ್ತತುದಿಯ ವೇಗವನ್ನು ಸವರಿ ಕಡಿಮೆ ತೋರಿಸುತ್ತವೆ. ಹಾಗಾಗಿ ಮುನ್ಸೂಚಕರು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ: ಎಲ್ಲಿಗೆ ಬರುತ್ತದೆ ಎಂಬುದಕ್ಕೆ ಹೊಸದನ್ನು, ಬಂದಾಗ ಎಷ್ಟು ಜೋರಾಗಿರುತ್ತದೆ ಎಂಬುದಕ್ಕೆ ಹಳೆಯದನ್ನು.